ಚಳಿ ಕಾಣದ ಊರಿನಲ್ಲಿ ಮುಚ್ಚಿದ ಕೋಣೆಯ ಕೆಂಡ

ಮಾನ್ಯ ಸಂಪಾದಕರೇ,

ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿದಾಗಲೆಲ್ಲ ಬೆಂಗಳೂರಿಗೆ ಮಳೆಯ ಮುನ್ಸೂಚನೆ ಬರುತ್ತದೆ. ಆದರೆ ಆ ಮಳೆಯ ಜೊತೆಗೇ ಬರುವ ಶೀತಗಾಳಿಯನ್ನು ತಾಳಲಾರದೆ ಜನರು ಮುಚ್ಚಿದ ಕೋಣೆಯೊಳಗೆ ಹಚ್ಚಿಕೊಳ್ಳುವ ಬೆಂಕಿಯ ವಿಷಯದಲ್ಲಿ ಎಚ್ಚರಿಕೆಯ ಮಾತು ಕೇಳಿಬರುವುದು ಅಪರೂಪ. ಮೂವತ್ತು ವರ್ಷ ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸಿದವಳಾಗಿ, ಚಳಿಗೆ ಸಿದ್ಧವಿಲ್ಲದ ಇನ್ನೊಂದು ಊರಿನ ದುರಂತವನ್ನು ದೂರದಿಂದಲೇ ಅನುಭವಿಸಿದ ತಾಯಿಯಾಗಿ ಈ ಪತ್ರ ಬರೆಯುತ್ತಿದ್ದೇನೆ.

ನನ್ನ ಮಗಳ ಸಂಸಾರ ಅಮೆರಿಕದ ಟೆಕ್ಸಾಸ್ ರಾಜ್ಯದ ಆಸ್ಟಿನ್ ನಗರದಲ್ಲಿದೆ. ಅದು ಬಿಸಿಲಿನ ಸೀಮೆ. ಅಲ್ಲಿ ಮನೆ ಕಟ್ಟುವವರು ಸೆಕೆಯನ್ನು ಮನಸ್ಸಿನಲ್ಲಿಟ್ಟುಕೊಂಡೇ ಕಟ್ಟುತ್ತಾರೆ. 2021ರ ಫೆಬ್ರುವರಿ ಮಧ್ಯಭಾಗದಲ್ಲಿ ಧ್ರುವ ಪ್ರದೇಶದ ಶೀತಗಾಳಿ ಹಿಮದ ಬಿರುಗಾಳಿಯೊಡನೆ ಇಡೀ ರಾಜ್ಯವನ್ನು ಆವರಿಸಿತು. ಡಲ್ಲಾಸ್‌ನಲ್ಲಿ ಉಷ್ಣಾಂಶ ಮೈನಸ್ 19 ಡಿಗ್ರಿ ಸೆಲ್ಸಿಯಸ್‌ಗೆ ಇಳಿಯಿತು. ಹೀಟರುಗಳ ಬಳಕೆ ಒಮ್ಮೆಲೇ ಏರಿದ ಹೊತ್ತಿಗೇ ನೈಸರ್ಗಿಕ ಅನಿಲದ ಬಾವಿಗಳು ಹೆಪ್ಪುಗಟ್ಟಿ, ಚಳಿಗೆಂದು ಸಜ್ಜುಗೊಳಿಸದಿದ್ದ ವಿದ್ಯುತ್ ಸ್ಥಾವರಗಳು ಒಂದರ ಹಿಂದೊಂದು ನಿಂತವು. ಟೆಕ್ಸಾಸಿನ ವಿದ್ಯುತ್ ಜಾಲವು ನೆರೆಯ ರಾಜ್ಯಗಳ ಜಾಲಗಳಿಂದ ಬಹುಮಟ್ಟಿಗೆ ಬೇರೆಯಾಗಿರುವುದರಿಂದ ಹೊರಗಿನಿಂದ ಸಾಕಷ್ಟು ವಿದ್ಯುತ್ ತರಿಸಿಕೊಳ್ಳುವಂತೆಯೂ ಇರಲಿಲ್ಲ. ಫೆಬ್ರುವರಿ 15ರ ನಡುರಾತ್ರಿ ಕಳೆದು ಒಂದು ಗಂಟೆಯ ಮೇಲೆ ಶುರುವಾದ ಲೋಡ್‌ಶೆಡ್ಡಿಂಗ್ ಸುಮಾರು 45 ಲಕ್ಷ ಮನೆ, ಮಳಿಗೆಗಳನ್ನು ಕತ್ತಲೆಗೆ ದೂಡಿತು. ಇಡೀ ಜಾಲವೇ ಕುಸಿದುಬೀಳಲು ಆ ರಾತ್ರಿ ಇನ್ನು 4 ನಿಮಿಷ 37 ಸೆಕೆಂಡು ಮಾತ್ರ ಬಾಕಿಯಿತ್ತೆಂದು ಆಮೇಲೆ ಅಧಿಕಾರಿಗಳೇ ಹೇಳಿದರು. ರಾಜ್ಯ ಸರ್ಕಾರದ ಲೆಕ್ಕದಂತೆ ಸತ್ತವರು 246 ಮಂದಿ. 2011ರ ಫೆಬ್ರುವರಿಯಲ್ಲೂ ಅಲ್ಲಿ ಇಂಥದೇ ಚಳಿ ಬಿದ್ದಿತ್ತು, ತನಿಖೆಯಾಗಿತ್ತು, ಸ್ಥಾವರಗಳನ್ನು ಚಳಿಗೆ ಸಜ್ಜುಗೊಳಿಸಬೇಕೆಂಬ ಶಿಫಾರಸು ಬಂದಿತ್ತು. ಅದು ಕಡ್ಡಾಯವಾದದ್ದು ಹತ್ತು ವರ್ಷಗಳ ನಂತರ, ಇಷ್ಟು ಜನ ಸತ್ತ ಮೇಲೆ.

ಆ ಸೋಮವಾರ ಸಂಜೆ ಮಗಳ ಫೋನ್ ಬಂತು. ರಾತ್ರಿಯೇ ಕರೆಂಟು ಹೋಗಿ ಮನೆ ತಣ್ಣಗಾಗಿತ್ತು. ಇರುವ ರಗ್ಗು, ಸ್ವೆಟರುಗಳನ್ನೆಲ್ಲ ಹೊದ್ದು ಗಂಡ, ಮಕ್ಕಳೊಡನೆ ಒಂದೇ ಕೋಣೆಯಲ್ಲಿ ಕೂತಿದ್ದಳು. ಮೊಬೈಲಿನ ಚಾರ್ಜು ಮುಗಿಯುತ್ತ ಬಂದಿತ್ತು. ‘ಮಕ್ಕಳನ್ನು ಕಾರಿನಲ್ಲಿ ಕೂರಿಸಿಕೊಂಡು ಹೀಟರ್ ಹಾಕಿಕೊಳ್ಳಮ್ಮ, ಫೋನೂ ಚಾರ್ಜಾಗುತ್ತದೆ’ ಎಂದು ನಾನೇ ಹೇಳಿದೆ. ಕರೆ ಕಡಿದುಹೋಯಿತು. ಮರುಗಳಿಗೆಯೇ, ಅವರ ಕಾರು ನಿಲ್ಲುವುದು ಮನೆಗೆ ಅಂಟಿಕೊಂಡ, ಬಾಗಿಲು ಮುಚ್ಚಿದ ಗ್ಯಾರೇಜಿನಲ್ಲಿ, ಅಲ್ಲಿ ಎಂಜಿನ್ ಓಡಿದರೆ ಅದರ ವಿಷಾನಿಲ ಒಳಗೇ ತುಂಬಿಕೊಳ್ಳುತ್ತದೆ ಎಂಬುದು ನೆನಪಾಯಿತು. ಮುಕ್ಕಾಲು ಗಂಟೆ ಕಾಲ ಎಷ್ಟು ಸಲ ಪ್ರಯತ್ನಿಸಿದರೂ ಕರೆ ಹೋಗಲಿಲ್ಲ. ಕೊನೆಗೆ ಅವಳೇ ಫೋನ್ ಮಾಡಿ, ಕಾರನ್ನು ಹೊರಗೆ ತಂದು ನಿಲ್ಲಿಸಿಕೊಂಡಿರುವುದಾಗಿ ಹೇಳಿದಾಗ ನನಗೆ ಮಾತೇ ಹೊರಡಲಿಲ್ಲ. ಅದೇ ವಾರ ಅಲ್ಲಿ ಮುಚ್ಚಿದ ಗ್ಯಾರೇಜಿನಲ್ಲಿ ಕಾರು ಚಾಲೂ ಮಾಡಿಕೊಂಡು ಕೂತವರು, ಮಾಂಸ ಸುಡುವ ಇದ್ದಿಲ ಒಲೆಯನ್ನು ಮನೆಯೊಳಗೆ ತಂದಿಟ್ಟುಕೊಂಡವರು, ಜನರೇಟರನ್ನು ಕಿಟಕಿಯ ಪಕ್ಕದಲ್ಲೇ ಓಡಿಸಿದವರು ನೂರಾರು ಸಂಖ್ಯೆಯಲ್ಲಿ ಆಸ್ಪತ್ರೆ ಸೇರಿದರು. ಹಲವರು ಬದುಕಿ ಬರಲಿಲ್ಲ. ಚಳಿಯಲ್ಲಿ ಬದುಕುವ ರೂಢಿಯಿಲ್ಲದ ಕಡೆ ವಿವೇಕವುಳ್ಳವರಿಗೂ ಇಂಥ ತಪ್ಪು ಹೊಳೆಯುವುದಿಲ್ಲ ಎಂಬುದನ್ನು ನಾನು ನನ್ನ ಬಾಯಿಂದ ಬಂದ ಸಲಹೆಯಿಂದಲೇ ಕಲಿತೆ.

ಬೆಂಗಳೂರಿನಲ್ಲಿ ಹಿಮ ಬೀಳುವುದಿಲ್ಲ, ನಿಜ. ಇಲ್ಲಿ ದಾಖಲಾಗಿರುವ ಅತಿ ಕಡಿಮೆ ಉಷ್ಣಾಂಶ 7.8 ಡಿಗ್ರಿ, ಅದೂ 1884ರ ಜನವರಿ 13ರಂದು. ಹವಾಮಾನ ಇಲಾಖೆಯ ಮಾನದಂಡದಲ್ಲಿ ಬಯಲು ಪ್ರದೇಶದ ಕನಿಷ್ಠ ಉಷ್ಣಾಂಶ 10 ಡಿಗ್ರಿ ಅಥವಾ ಅದಕ್ಕಿಂತ ಕೆಳಗಿಳಿದು, ವಾಡಿಕೆಗಿಂತ 4.5 ಡಿಗ್ರಿಯಾದರೂ ಕಡಿಮೆಯಾದಾಗ ಅದು ಶೀತ ಅಲೆ. ಬೀದರ್, ವಿಜಯಪುರಗಳಿಗೆ ಈ ಎಚ್ಚರಿಕೆ ಬರುತ್ತದೆ. ನಮ್ಮೂರು ಆ ಗೆರೆಯನ್ನು ಮುಟ್ಟುವುದು ತೀರ ವಿರಳ. ಆದರೆ 2022ರ ಡಿಸೆಂಬರಿನಲ್ಲಿ ಮಾಂಡೌಸ್, 2024ರ ನವೆಂಬರ್ ಕೊನೆಯಲ್ಲಿ ಫೆಂಗಲ್ ಚಂಡಮಾರುತಗಳು ತಮಿಳುನಾಡು, ಪುದುಚೇರಿ ಕರಾವಳಿಗೆ ಅಪ್ಪಳಿಸಿದಾಗ ಇಲ್ಲಿ ಬಿಸಿಲು ಕಾಣದೆ, ಜಿಟಿಜಿಟಿ ಮಳೆ ನಿಲ್ಲದೆ, ಗಾಳಿ ಮೈ ಕೊರೆಯುತ್ತಿತ್ತು. ನೆಂದ ಬಟ್ಟೆಯಲ್ಲಿ, ಹಸಿ ನೆಲದ ಮೇಲೆ, ನೀಲಿ ತಾಡಪಾಲಿನ ಕೆಳಗೆ ಮಲಗುವ ಮಗುವಿನ ಪಾಲಿಗೆ ಉಷ್ಣಾಂಶ ಹತ್ತಕ್ಕೆ ಇಳಿಯಬೇಕೆಂದೇನೂ ಇಲ್ಲ.

ಅಂಥದೊಂದು ರಾತ್ರಿ, ನಮ್ಮ ಬೀದಿಯಲ್ಲಿ ಏಳುತ್ತಿದ್ದ ಕಟ್ಟಡದ ಕಾವಲುಗಾರನ ಕೋಣೆಗೆ ನಾನು ರಗ್ಗು ಕೊಡಲು ಹೋಗಿದ್ದೆ. ಯಾದಗಿರಿ ಕಡೆಯಿಂದ ಬಂದ ಗಂಡ ಹೆಂಡತಿ, ಎರಡು ಪುಟ್ಟ ಮಕ್ಕಳು. ತಗಡಿನ ಬಾಗಿಲ ಸಂದಿಗೆ ಗೋಣಿಚೀಲ ತುರುಕಿದ್ದರು. ನಡುವೆ ಕಾಂಕ್ರೀಟ್ ಹೊರುವ ಬಾಂಡ್ಲಿಯಲ್ಲಿ ಇದ್ದಿಲು ನಿಗಿನಿಗಿ ಉರಿಯುತ್ತಿತ್ತು. ಬಾಗಿಲು ತೆರೆಸಿ ಬಾಂಡ್ಲಿಯನ್ನು ಹೊರಗಿಡಿಸಿದಾಗ ಆ ತಾಯಿ ‘ಹೊಗಿ ಏನೂ ಇಲ್ಲಲ್ರೀ ಅಮ್ಮಾ’ ಎಂದಳು. ಅವಳು ಹೇಳಿದ್ದು ಸರಿಯೇ, ಅಪಾಯವಿರುವುದೂ ಅಲ್ಲಿಯೇ. ಕೆಂಡವು ಹೊಗೆಯಿಲ್ಲದೆಯೂ ಕಾರ್ಬನ್ ಮೊನಾಕ್ಸೈಡನ್ನು ಬಿಡುತ್ತಿರುತ್ತದೆ. ಆ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದಲ್ಲಿ ಆಮ್ಲಜನಕವನ್ನು ಹೊರುವ ಹಿಮೋಗ್ಲೋಬಿನ್ನಿಗೆ ಅದು ಆಮ್ಲಜನಕಕ್ಕಿಂತ ಇನ್ನೂರಕ್ಕೂ ಹೆಚ್ಚು ಪಟ್ಟು ಬಲವಾಗಿ ಅಂಟಿಕೊಳ್ಳುತ್ತದೆ. ತಲೆನೋವು, ತಲೆಸುತ್ತು, ವಾಕರಿಕೆ, ಮಂಪರು, ಇವೇ ಅದರ ಲಕ್ಷಣಗಳಾದ್ದರಿಂದ ದಣಿದು ಮಲಗಿದವರಿಗೆ ನಿದ್ದೆಗೂ ವಿಷಕ್ಕೂ ವ್ಯತ್ಯಾಸ ತಿಳಿಯುವುದಿಲ್ಲ. ಗಾಳಿಕಿಂಡಿಯಿಲ್ಲದ ಬಚ್ಚಲುಮನೆಯಲ್ಲಿ ಗ್ಯಾಸ್ ಗೀಸರ್ ಹಾಕಿಸಿಕೊಂಡಿರುವ ಮಧ್ಯಮ ವರ್ಗದವರ ಮನೆಗಳಲ್ಲೂ ಇದೇ ಅಪಾಯವಿದೆ.

ನಮ್ಮ ಅಜ್ಜಿಯರು ಬಾಣಂತಿಯ ಕೋಣೆಯಲ್ಲಿ ಅಗ್ಗಿಷ್ಟಿಕೆ ಇಡುತ್ತಿರಲಿಲ್ಲವೇ ಎಂದು ಕೆಲವರು ಕೇಳುತ್ತಾರೆ. ಇಡುತ್ತಿದ್ದರು, ಆದರೆ ಆ ಮನೆಗಳಿಗೆ ಹೆಂಚಿನ ಮಾಡಿತ್ತು, ಗವಾಕ್ಷಿಯಿತ್ತು, ಹೆಂಚಿನ ಸಂದಿಗಳಲ್ಲಿ ಗಾಳಿ ಆಡುತ್ತಿತ್ತು. ಇಂದಿನ ಆರ್‌ಸಿಸಿ ಛಾವಣಿ ಮತ್ತು ಸರಿಸುವ ಅಲ್ಯೂಮಿನಿಯಂ ಕಿಟಕಿಯ ಕೋಣೆಯಲ್ಲಿ ಅದೇ ಅಗ್ಗಿಷ್ಟಿಕೆ ಪ್ರಾಣಾಂತಕ.

ಆದ್ದರಿಂದ ನನ್ನ ಕೋರಿಕೆಗಳು ದೊಡ್ಡವಲ್ಲ. ಚಂಡಮಾರುತದ ದಿನಗಳಲ್ಲಿ ಮೊಬೈಲಿಗೆ ಬರುವ ಮಳೆಯ ಎಚ್ಚರಿಕೆಯ ಜೊತೆಗೇ ‘ಮುಚ್ಚಿದ ಕೋಣೆಯಲ್ಲಿ ಇದ್ದಿಲು ಉರಿಸಬೇಡಿ’ ಎಂಬ ವಾಕ್ಯವೂ ಕನ್ನಡದಲ್ಲಿ, ತೆಲುಗು, ತಮಿಳು, ಹಿಂದಿ, ಬಂಗಾಳಿಗಳಲ್ಲಿ ಬರಲಿ. ಓದಲು ಬಾರದವರಿಗಾಗಿ ಕಸದ ಆಟೋಗಳ ಧ್ವನಿವರ್ಧಕದಲ್ಲೂ ಇದನ್ನು ಹೇಳಿಸಬಹುದು. ಕಟ್ಟಡ ಕಾರ್ಮಿಕರಿಗೆ ಉಚಿತವಾಗಿ ತಾತ್ಕಾಲಿಕ ವಸತಿ ಒದಗಿಸುವುದು ಮಾಲೀಕರ ಹೊಣೆಯೆಂದು 1996ರಷ್ಟು ಹಿಂದೆಯೇ ಕಾನೂನು ಬಂದಿತ್ತು. ಕಾರ್ಮಿಕ ಇಲಾಖೆಯವರು ನವೆಂಬರಿಗೆ ಮೊದಲೇ ಶೆಡ್ಡುಗಳಿಗೆ ಹೋಗಿ, ನೆಲ ಒಣಗಿದೆಯೇ, ಹೊದಿಕೆ ಇದೆಯೇ ಎಂದು ನೋಡಲಿ. ಬೆಂಕಿ ಬೇಡವೆನ್ನುವವರು ಬೆಚ್ಚಗಿರುವ ದಾರಿಯನ್ನೂ ತೋರಿಸಬೇಕಲ್ಲವೇ?

ತಮ್ಮ ಪತ್ರಿಕೆಯಲ್ಲೂ ದಿನದ ಗರಿಷ್ಠ, ಕನಿಷ್ಠ ಉಷ್ಣಾಂಶ ಪ್ರಕಟವಾಗುವ ಜಾಗದ ಕೆಳಗೆ, ಸಂಕ್ರಾಂತಿ ಕಳೆಯುವವರೆಗಾದರೂ, ‘ಮುಚ್ಚಿದ ಕೋಣೆಯಲ್ಲಿ ಇದ್ದಿಲು ಉರಿಸಬೇಡಿ’ ಎಂಬ ಈ ಒಂದು ಸಾಲು ಅಚ್ಚಾಗುವಂತೆ ಮಾಡಬೇಕೆಂದು ಕೋರುತ್ತೇನೆ.

— ನಿವೃತ್ತ ವಿಜ್ಞಾನ ಶಿಕ್ಷಕಿ,
ಬಸವನಗುಡಿ, ಬೆಂಗಳೂರು