ಅಣ್ಣ ಹೆಂಡ ಬಿಟ್ಟು ಇವತ್ತಿಗೆ ಒಂದು ವರ್ಷ

ಅದಕ್ಕೆ ನೆರವಾದ ಒಬ್ಬೊಬ್ಬರ ಮನೆಗೂ ಹೋಗಿ ಕೈ ಮುಗಿಯಬೇಕು ಅಂದುಕೊಂಡಿದ್ದೆ. ಆಗಲಿಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ರಾಯಚೂರಿನವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಹೊರಗಿನವರಿಗೆ ಮಾತ್ರ ಹೇಳುತ್ತೇನೆ. ಅಣ್ಣ ಕುಡಿಯುತ್ತಿದ್ದುದು ಈಚಲು ಮರದಿಂದ ಇಳಿಸಿದ ಹೆಂಡ ಅಲ್ಲ. ಸಿಎಚ್ ಪೌಡರ್, ಅಂದರೆ ಕ್ಲೋರಲ್ ಹೈಡ್ರೇಟ್ ಎಂಬ ಮಂಪರು ಬರಿಸುವ ರಾಸಾಯನಿಕ, ನೀರಿಗೆ ಕಲಸಿ ಪ್ಲಾಸ್ಟಿಕ್ ಪಾಕೀಟಿನಲ್ಲಿ ಮಾರುವ ವಿಷ. ಕೆಲವು ಕಡೆ ಅಲ್ಪ್ರಜೋಲಂ ಎಂಬ ನಿದ್ದೆ ಬರಿಸುವ ಔಷಧವನ್ನೂ ಬೆರೆಸುತ್ತಾರೆ. ಮಾದಕ ವಸ್ತು ಕಾಯ್ದೆಯಲ್ಲಿ ಈ ಅಲ್ಪ್ರಜೋಲಂ 100 ಗ್ರಾಂ ದಾಟಿದರೆ 10 ವರ್ಷಕ್ಕಿಂತ ಕಡಿಮೆ ಶಿಕ್ಷೆ ಇಲ್ಲ. ಆದರೂ ರಾಜ್ಯದ ಗಡಿ ಆಚೆಯಿಂದ ಮಾಲು ಬರುತ್ತದೆ. ದುಡ್ಡು ಮಾಡುವವರು ಎಲ್ಲೋ ಇರುತ್ತಾರೆ. ಕುಡಿದು ಬೀಳುವವರು ನಮ್ಮ ಅಣ್ಣನಂಥ ಹಮಾಲರು.

ಹೋದ ವರ್ಷ ದಾಳಿ ಆಗಿ, ಓಣಿಯಲ್ಲಿ ಪಾಕೀಟು ಸಿಗುವುದು ನಿಂತಿತು. ನಮಗೆಲ್ಲ ಖುಷಿಯೋ ಖುಷಿ. ಎರಡನೇ ರಾತ್ರಿ ಅಣ್ಣ ಎದ್ದು ಕೂತು ಗೋಡೆ ಒರೆಸತೊಡಗಿದ. ಇರುವೆ ಹತ್ತಿವೆ ಅಂದ. ಒಂದು ಇರುವೆಯೂ ಇರಲಿಲ್ಲ. ಬೆಳಗಿನ ಜಾವ ಫಿಟ್ಸ್ ಬಂತು. ಯಾರೋ ದೆವ್ವ ಬಡಿದಿದೆ ಅಂದರು. ಅವ್ವ ನಿಂಬೆಹಣ್ಣು ಇಳಿಸಲು ಕೂತಳು.

ಆಗ ಎದುರು ಮನೆಯ ಆಟೊ ಕಾಕಾ ಒಂದು ಮಾತೂ ಕೇಳದೆ ಗಾಡಿ ತೆಗೆದರು. ಕಾಕಾ, ಅವತ್ತು ನೀವು ಬಾಡಿಗೆ ತಗೊಳ್ಳಲಿಲ್ಲ, ಇವತ್ತಿಗೂ ತಗೊಂಡಿಲ್ಲ.

ಸರ್ಕಾರಿ ಆಸ್ಪತ್ರೆಯ ಆ ಸಿಸ್ಟರ್‌ಗೆ ನನ್ನ ದೊಡ್ಡ ನಮಸ್ಕಾರ. "ಇದು ದೆವ್ವ ಅಲ್ಲವ್ವಾ. ಒಮ್ಮೆಲೆ ನಿಂತದ್ದಕ್ಕ ಹಿಂಗಾಗ್ಯಾದ. ಔಷಧ ಕೊಟ್ಟು ನಿಧಾನಕ್ಕ ಬಿಡಿಸಬೇಕು" ಅಂದರು. ಅಣ್ಣನನ್ನು ಕುಡುಕ ಅನ್ನಲಿಲ್ಲ. ಹೆಸರು ಹಿಡಿದು ಕರೆದರು. ನಮ್ಮ ಮನೆಯವರೇ ಅವನನ್ನು ಹಾಗೆ ಕರೆದು ಎಷ್ಟೋ ವರ್ಷ ಆಗಿತ್ತು.

ದಾಳಿ ಮಾಡಿದವರಿಗೂ ಥ್ಯಾಂಕ್ಸ್. ಮಾಲು ನಿಲ್ಲದಿದ್ದರೆ ಅಣ್ಣ ಬಿಡುತ್ತಲೇ ಇರಲಿಲ್ಲ. ಒಂದು ವಿನಂತಿ ಮಾತ್ರ ಇದೆ. ಓಣಿಗೆ ದಾಳಿಗೆ ಬರುವ ದಿನ ಆಸ್ಪತ್ರೆಗೂ ಒಂದು ಮಾತು ತಿಳಿಸಿ. ಮರುದಿನದಿಂದ ನರಳುವವರು ಮನೆ ಮನೆಯಲ್ಲೂ ಇರುತ್ತಾರೆ. ನಿಮ್ಮ ಮನೆಯಲ್ಲಿ ಅಂಥವರಿದ್ದರೆ ಮುಚ್ಚಿಡಬೇಡಿ, ಕೋಣೆಗೆ ಹಾಕಿ ಬೀಗ ಜಡಿಯಬೇಡಿ. ವ್ಯಸನ ಬಿಡಿಸುವ ಸಹಾಯವಾಣಿ 14446ಕ್ಕೆ ಫೋನ್ ಮಾಡಿ, ದುಡ್ಡು ಬೀಳುವುದಿಲ್ಲ.

ಅತ್ತಿಗೆ, ನಿಮಗೆ ಏನು ಹೇಳಲಿ? ಮಾತ್ರೆ ಕೊಟ್ಟು, ನುಂಗುವವರೆಗೂ ಎದುರಿಗೇ ಕೂತಿರುತ್ತಿದ್ದಿರಿ. ಇವತ್ತು ಬೆಳಗ್ಗೆ ಅಣ್ಣ ತುಂಬಿದ ಚಹಾ ಬಸಿ ಎತ್ತಿ ಕುಡಿದ. ಒಂದು ಹನಿ ಚೆಲ್ಲಲಿಲ್ಲ. ನೀವು ಒಲೆ ಕಡೆ ತಿರುಗಿ ಸೆರಗಿನಿಂದ ಕಣ್ಣು ಒರೆಸಿಕೊಂಡಿರಿ. ನಾನು ನೋಡಿದೆ.