ಚೌಕಟ್ಟಿನ ಮೇಲೆ ಯಾರ ಹೆಸರು?

ಆತ್ಮೀಯ ಸದಸ್ಯರೇ,

ಊರಿಂದ ತಂದ ಒಂದು ಹಳೇ ಫೋಟೋ ನನ್ನ ಮೇಜಿನ ಮೇಲಿದೆ. ಹಿಂದೆ ಬಣ್ಣ ಬಳಿದ ಪರದೆ, ಪಕ್ಕದಲ್ಲಿ ಹೂದಾನಿ, ನಡುವೆ ಇಬ್ಬರು ಹೆಂಗಸರು. ಒಬ್ಬರು ನಮ್ಮಜ್ಜಿ. ಇನ್ನೊಬ್ಬರು ಯಾರು? ಅಮ್ಮನಿಗೂ ಗೊತ್ತಿಲ್ಲ. ತಿರುಗಿಸಿ ನೋಡಿದರೆ ಸ್ಟುಡಿಯೋದ ಸೀಲು ಮಾತ್ರ ಇದೆ.

ಇದೇ ಯೋಚನೆಯಲ್ಲಿ ಹೋದ ತಿಂಗಳು ಲಂಡನ್ನಿನ ರೀಜೆಂಟ್ ಸ್ಟ್ರೀಟಿಗೆ ಹೋಗಿದ್ದೆ. ಅಲ್ಲಿನ 309ನೇ ನಂಬರಿನ ಕಟ್ಟಡ ಈಗ ವೆಸ್ಟ್‌ಮಿನ್‌ಸ್ಟರ್ ವಿಶ್ವವಿದ್ಯಾಲಯದ್ದು. ಹಿಂದೆ ಅಲ್ಲಿ ರಾಯಲ್ ಪಾಲಿಟೆಕ್ನಿಕ್ ಇನ್‌ಸ್ಟಿಟ್ಯೂಷನ್ ಇತ್ತು. 1841ರ ಮಾರ್ಚ್ 23ರಂದು ಅದರ ಮಾಳಿಗೆಯ ಮೇಲೆ ಇಂಗ್ಲೆಂಡಿನ ಮೊದಲ ಫೋಟೋ ಸ್ಟುಡಿಯೋ ಬಾಗಿಲು ತೆರೆಯಿತು. ಕಟ್ಟಡದ ಮುಂಭಾಗವನ್ನು ಆಮೇಲೆ ಹೊಸದಾಗಿ ಕಟ್ಟಿದ್ದಾರೆ. ಆದರೂ ಕತ್ತೆತ್ತಿ ನೋಡುತ್ತಾ ನಿಂತೆ.

ಆ ಸ್ಟುಡಿಯೋದ ಒಡೆಯರು ರಿಚರ್ಡ್ ಬಿಯರ್ಡ್ ಎಂಬ ಕಲ್ಲಿದ್ದಲು ವ್ಯಾಪಾರಿ. ಹಣ ಹಾಕಿ ಪೇಟೆಂಟ್ ಕೊಂಡವರು ಅವರು. ಕ್ಯಾಮೆರಾ ಅಮೆರಿಕದ ಅಲೆಕ್ಸಾಂಡರ್ ವೋಲ್ಕಾಟ್ ಅವರದು. ಅದರಲ್ಲಿ ಲೆನ್ಸಿನ ಬದಲು ಒಳಬಾಗಿದ ಕನ್ನಡಿ ಇತ್ತು. ಜಾಸ್ತಿ ಬೆಳಕು ಸಿಗಲಿ ಅಂತ ಈ ಉಪಾಯ. ಬೆಳ್ಳಿ ಲೇಪಿಸಿದ ತಾಮ್ರದ ತಗಡನ್ನು ಫಳಫಳ ಹೊಳೆಯುವಂತೆ ಉಜ್ಜಿ, ಅಯೋಡಿನ್ ಹೊಗೆ ಹಿಡಿಸಿ, ಕ್ಯಾಮೆರಾದೊಳಗೆ ಇಡಬೇಕು. ಆಮೇಲೆ ಪಾದರಸದ ಆವಿಯಲ್ಲಿ ಮುಖ ಮೂಡುತ್ತದೆ. ಮೊದಮೊದಲು ಕ್ಯಾಮೆರಾದ ಮುಂದೆ ತುಂಬಾ ಹೊತ್ತು ಕೂರಬೇಕಿತ್ತು. ಬ್ರೋಮಿನ್ ಸೇರಿಸಿ ಆ ಕಾಯುವಿಕೆಯನ್ನು ಇಳಿಸಿದವರು ಜಾನ್ ಫ್ರೆಡರಿಕ್ ಗಾಡರ್ಡ್. ನನಗೆ ಈ ಕಥೆಯಲ್ಲಿ ಬಿಯರ್ಡ್‌ಗಿಂತ ಗಾಡರ್ಡ್ ದೊಡ್ಡವರು. ಮನುಷ್ಯ ಅಲುಗಾಡದೆ ಕೂತಿರಲು ಆಗುವಷ್ಟು ಹೊತ್ತಿನಲ್ಲಿ ಚಿತ್ರ ಬಂದರೆ ತಾನೇ ಸ್ಟುಡಿಯೋ?

ಆ ಕೋಣೆಯನ್ನು ಸ್ವಲ್ಪ ಕಣ್ಮುಂದೆ ತಂದುಕೊಳ್ಳಿ. ಮೇಲೆ ನೀಲಿ ಗಾಜಿನ ಚಾವಣಿ. ಆ ತಗಡಿನ ಮೇಲೆ ಕೆಲಸ ಮಾಡುವುದು ಮುಖ್ಯವಾಗಿ ನೀಲಿ ಬೆಳಕೇ. ಅದನ್ನು ಒಳಗೆ ಬಿಟ್ಟು, ಕಣ್ಣು ಕುಕ್ಕುವ ಬಿಸಿಲನ್ನು ತಡೆಯಲು ಆ ಗಾಜು. ಎತ್ತರದ ಕಟ್ಟೆಯ ಮೇಲೆ ಕುರ್ಚಿ. ಸೂರ್ಯ ಇರುವ ಕಡೆಗೆ ಅದನ್ನು ತಿರುಗಿಸಬಹುದು. ತಲೆ ಅಲುಗದಂತೆ ಹಿಂದಿನಿಂದ ಕಬ್ಬಿಣದ ಹಿಡಿ. ಬಿಸಿಲು ಚೆನ್ನಾಗಿದ್ದರೆ ಕೆಲವೇ ಸೆಕೆಂಡು ಸಾಕು. ಮೋಡ ಕವಿದರೆ ನಿಮಿಷಗಟ್ಟಲೆ. ಲಂಡನ್ನಿನ ಮೋಡ ನಮಗೆಲ್ಲ ಗೊತ್ತೇ ಇದೆ, ಅಲ್ವಾ? ಆ ವರ್ಷದ ಮೇ ತಿಂಗಳಲ್ಲಿ ಲೇಖಕಿ ಮರಿಯಾ ಎಡ್ಜ್‌ವರ್ತ್ ಅಲ್ಲಿಗೆ ಹೋಗಿದ್ದರು. ನೀಲಿ ಬೆಳಕಿನಲ್ಲಿ ಎಲ್ಲರೂ ದೆವ್ವಗಳಂತೆ ಕಂಡರು, ಕಪ್ಪು ಬಟ್ಟೆಯವರು ಸದ್ದಿಲ್ಲದೆ ಓಡಾಡುತ್ತಿದ್ದರು ಎಂದು ಅವರು ಕಾಗದದಲ್ಲಿ ಬರೆದರು.

ಒಂದು ಚಿತ್ರಕ್ಕೆ ಒಂದು ಗಿನಿ, ಅಂದರೆ 21 ಶಿಲಿಂಗ್. ಹೊಲದ ಕೂಲಿಯವನ ವಾರದ ದುಡಿಮೆಗಿಂತ ಜಾಸ್ತಿ. ಆದರೂ ಜನ ಬಂದರು. ಬಿಯರ್ಡ್ ಬೇರೆ ಊರುಗಳಲ್ಲಿ ಸ್ಟುಡಿಯೋ ನಡೆಸುವ ಹಕ್ಕನ್ನೂ ಮಾರಿದರು. ಅನುಮತಿ ಇಲ್ಲದೆ ಕೆಲಸ ಮಾಡಿದವರ ಮೇಲೆ ಕೇಸು ಹಾಕಿದರು. ಕೋರ್ಟಿನಲ್ಲಿ ಗೆದ್ದರೂ ಕೊನೆಗೆ ದಿವಾಳಿಯಾದರು.

ಆ ಚಿತ್ರಗಳ ಪೈಕಿ ಉಳಿದಿರುವ ಕೆಲವು ಇಂದು ಮ್ಯೂಸಿಯಮ್ಮುಗಳಲ್ಲಿವೆ. ಒಂದು ತಗಡಿಗೆ ಒಂದೇ ಚಿತ್ರ, ಪ್ರತಿ ತೆಗೆಯುವಂತಿರಲಿಲ್ಲ. ಚೌಕಟ್ಟಿನ ಮೇಲೆ ಪೇಟೆಂಟಿನ ಒಡೆಯ ಬಿಯರ್ಡ್ ಎಂದು ಅಚ್ಚು ಹಾಕಿದೆ. ಒಳಗೆ ಕೂತವರ ಹೆಸರಿನ ಜಾಗದಲ್ಲಿ ಎಷ್ಟೋ ಕಡೆ 'ಯಾರೋ ಹೆಂಗಸು', 'ಯಾರೋ ಗಂಡಸು' ಎಂದಷ್ಟೇ ಇರುತ್ತದೆ. ಉಸಿರು ಬಿಗಿಹಿಡಿದು ಕೂತಿದ್ದು ಅವರು. ಉಳಿದಿದ್ದು ಅಂಗಡಿಯ ಹೆಸರು. ಇದು ನನಗೆ ತುಂಬಾ ನೋವು ಕೊಟ್ಟಿತು.

ಅದಕ್ಕೇ ಈ ಬೇಡಿಕೆ. ಊರಿಂದ ತಂದ ಸ್ಟುಡಿಯೋ ಫೋಟೋಗಳನ್ನು ಈ ವಾರಾಂತ್ಯ ಪೆಟ್ಟಿಗೆಯಿಂದ ತೆಗೆಯಿರಿ. ಊರಿನ ದೊಡ್ಡವರಿಗೆ ವಿಡಿಯೋ ಕಾಲ್ ಮಾಡಿ, ಒಂದೊಂದನ್ನೇ ತೋರಿಸಿ ಕೇಳಿ. ಹೆಸರು, ಊರು, ಸಂಬಂಧ ಮೂರನ್ನೂ ಹಿಂಬದಿಯಲ್ಲಿ ಪೆನ್ಸಿಲಿನಲ್ಲಿ ಮೆಲ್ಲಗೆ ಬರೆಯಿರಿ. ಪೆನ್ನು ಬೇಡ, ಶಾಯಿ ಮುಂದಕ್ಕೆ ಇಳಿಯುತ್ತದೆ. ಆಮೇಲೆ ಒಂದು ಪ್ರತಿ ನಮಗೆ ಕಳಿಸಿ. ಮುಂದಿನ ಸಂಚಿಕೆಯಿಂದ ಪ್ರತಿ ಸಲ ಎರಡು ಪುಟ ಇದಕ್ಕೇ ಮೀಸಲು. ಗುರುತು ಸಿಗದವರ ಫೋಟೋ ಆದರೂ ಕಳಿಸಿ, ಓದುಗರಲ್ಲಿ ಯಾರಿಗಾದರೂ ಗೊತ್ತಿರಬಹುದು.

ಅಜ್ಜಿಯ ಫೋಟೋ ಇದೇ ಸಂಚಿಕೆಯ ಕೊನೇ ಪುಟದಲ್ಲಿದೆ. ಬಲಗಡೆ, ಕೈಯಲ್ಲಿ ಪುಸ್ತಕ ಹಿಡಿದು ನಿಂತವರನ್ನು ನೋಡಿ. ಯಾರೆಂದು ಗೊತ್ತಾದರೆ ದಯವಿಟ್ಟು ನನಗೆ ಬರೆಯಿರಿ.

ನಿಮ್ಮ,
ಸಂಪಾದಕಿ