ಪರಾಗದ ಬಾಟಲಿಯ ಮೇಲೆ ಹೂವಿನ ಹೆಸರಿರಲಿ

ಸಂಪಾದಕರಿಗೆ,

ಮಾನ್ಯರೇ,

ಜೇನುನೊಣಗಳು ಕೂಡಿಸುವ ಪರಾಗವನ್ನು ‘ಸಂಪೂರ್ಣ ಆಹಾರ’ ಎಂದು ಬಣ್ಣಿಸಿದ ಲೇಖನವೊಂದು ಇತ್ತೀಚೆಗೆ ತಮ್ಮ ಪುರವಣಿಯಲ್ಲಿ ಪ್ರಕಟವಾದ ಮೇಲೆ ದಾವಣಗೆರೆಯ ನಮ್ಮ ಬೀದಿಯೊಂದರಲ್ಲೇ ಮೂರು ಮನೆಗಳಿಗೆ ಪರಾಗದ ಬಾಟಲಿಗಳು ಬಂದಿವೆ. ಅವುಗಳಲ್ಲಿ ಒಂದು ನಮ್ಮ ಮನೆಯದೇ. ಮೂವತ್ತು ವರ್ಷ ಕಾಲೇಜಿನಲ್ಲಿ ರಸಾಯನಶಾಸ್ತ್ರ ಪಾಠ ಮಾಡಿದವನಾದ್ದರಿಂದ ಮುಚ್ಚಳ ತೆರೆಯುವ ಮೊದಲು ಹಿಂಬದಿಯ ಲೇಬಲ್ ಓದುವ ಚಾಳಿ ನನಗೆ ಇನ್ನೂ ಬಿಟ್ಟಿಲ್ಲ. ಪ್ರೋಟೀನ್ ಶೇ 35 ಎಂದೂ, ಎಲ್ಲ ವಿಟಮಿನ್ ಮತ್ತು ಖನಿಜಗಳು ಇವೆ ಎಂದೂ ಅಲ್ಲಿ ಅಚ್ಚಾಗಿತ್ತು. ಆದರೆ ಅದು ಯಾವ ಹೂವಿನ ಪರಾಗ, ಅದರಲ್ಲಿ ತೇವಾಂಶ ಎಷ್ಟು ಎಂಬ ವಿವರ ಎಲ್ಲಿಯೂ ಇರಲಿಲ್ಲ. ಇವೆರಡನ್ನು ಹೇಳದೆ ಕೊಟ್ಟ ಪೋಷಕಾಂಶದ ಅಂಕಿಯಿಂದ ಕೊಳ್ಳುವವನಿಗೆ ಏನೂ ತಿಳಿಯುವುದಿಲ್ಲ ಎಂಬುದನ್ನು ಓದುಗರ ಗಮನಕ್ಕೆ ತರಲು ಈ ಪತ್ರ ಬರೆಯುತ್ತಿದ್ದೇನೆ.

ಕೆಲಸಗಾರ ನೊಣ ಹೂವಿನಲ್ಲಿ ಮೈಗೆ ಮೆತ್ತಿಕೊಂಡ ಪರಾಗವನ್ನು ಒರೆಸಿ, ಅದಕ್ಕೆ ತುಸು ಮಕರಂದ ಮತ್ತು ಜೊಲ್ಲು ಬೆರೆಸಿ, ಹಿಂಗಾಲಿನ ಬುಟ್ಟಿಯಂತಹ ಗುಳಿಯಲ್ಲಿ ಉಂಡೆ ಕಟ್ಟಿಕೊಂಡು ಗೂಡಿಗೆ ಮರಳುತ್ತದೆ. ಪೆಟ್ಟಿಗೆಯ ಬಾಗಿಲಿಗೆ ಸುಮಾರು 5 ಮಿ.ಮೀ. ಅಗಲದ ತೂತುಗಳಿರುವ ಹಲಗೆ ಇಟ್ಟರೆ ನೊಣ ನುಸುಳುವಾಗ ಕಾಲಿನ ಉಂಡೆ ಕಳಚಿ ಕೆಳಗಿನ ತಟ್ಟೆಗೆ ಬೀಳುತ್ತದೆ. ಮಾರುಕಟ್ಟೆಗೆ ಬರುವುದು ಇದೇ. ನೋಡಲು ಬಣ್ಣ ಬೆರೆಸಿದ ನವಣೆಯಂತೆ ಕಾಣುತ್ತದೆ. ನೊಣ ಒಂದು ಸುತ್ತಿನಲ್ಲಿ ಸಾಮಾನ್ಯವಾಗಿ ಒಂದೇ ಜಾತಿಯ ಹೂವಿಗೆ ಹೋಗುವುದರಿಂದ ಒಂದು ಉಂಡೆಯಲ್ಲಿ ಬಹುಪಾಲು ಒಂದೇ ಗಿಡದ ಪರಾಗವಿರುತ್ತದೆ. ನಮ್ಮ ಬಾಟಲಿಯಿಂದ ಎರಡು ಚಮಚದಷ್ಟು ತೆಗೆದು, ಅಕ್ಕಿ ಆರಿಸುವ ಹಾಗೆ ತಟ್ಟೆಯಲ್ಲಿ ಹರವಿ ಬೇರ್ಪಡಿಸಿದಾಗ ನಾಲ್ಕು ಬಣ್ಣಗಳು ಸಿಕ್ಕವು: ಕಿತ್ತಳೆ ಹಳದಿ, ಮಾಸಲು ಹಳದಿ, ಕಂದು ಮತ್ತು ಬೂದು. ನಾಲ್ಕು ಬಣ್ಣವೆಂದರೆ ಕಡಿಮೆಯೆಂದರೂ ನಾಲ್ಕು ಬಗೆಯ ಗಿಡ. ಆದರೆ ಲೇಬಲ್‌ನಲ್ಲಿ ಇದ್ದದ್ದು ಒಂದೇ ಅಂಕಿ.

ಆ ಅಂಕಿ ಎಷ್ಟರ ಮಟ್ಟಿಗೆ ಏರಿಳಿಯಬಹುದು ಎಂಬುದನ್ನು ನೋಡಿ. ಒಣ ಪರಾಗದಲ್ಲಿ ಪ್ರೋಟೀನ್ ಶೇ 10ರಿಂದ 40ರವರೆಗೆ, ಶರ್ಕರಪಿಷ್ಟ ಶೇ 13ರಿಂದ 55ರವರೆಗೆ, ಕೊಬ್ಬು ಶೇ 1ರಿಂದ 13ರವರೆಗೆ ಇರುತ್ತದೆಂದು ವೈಜ್ಞಾನಿಕ ಬರಹಗಳು ಹೇಳುತ್ತವೆ. ನಾಲ್ಕು ಪಟ್ಟು, ಹತ್ತು ಪಟ್ಟು ವ್ಯತ್ಯಾಸವಿರುವ ವಸ್ತುವಿಗೆ ‘ಸರಾಸರಿ’ ಎಂಬ ಮಾತು ಎಷ್ಟು ಹೊಂದುತ್ತದೆ? ಬೇಳೆ ಎಂದಷ್ಟೇ ಹೇಳಿ ಅದು ತೊಗರಿಯೋ ಹುರುಳಿಯೋ ತಿಳಿಸದೆ ಮಾರಿದರೆ ನಮ್ಮ ಕಿರಾಣಿ ಅಂಗಡಿಯಲ್ಲಿ ಯಾರೂ ಕೊಳ್ಳುವುದಿಲ್ಲ. ತೊಗರಿಗೂ ಹುರುಳಿಗೂ ಪ್ರೋಟೀನಿನಲ್ಲಿ ಇಷ್ಟು ಅಂತರವೂ ಇಲ್ಲ.

ನಮ್ಮ ಜಿಲ್ಲೆಗೆ ಇದು ನೇರವಾಗಿ ಸಂಬಂಧಿಸಿದ ವಿಷಯ. ದಾವಣಗೆರೆ, ಜಗಳೂರು ಸೀಮೆಯಲ್ಲಿ ಮುಂಗಾರಿನ ಮೆಕ್ಕೆಜೋಳ ಸೂಲಂಗಿ ಒಡೆದಾಗ ಬೆಳಗಿನ ಹೊತ್ತು ಹೊಲದಲ್ಲಿ ಜೇನುನೊಣಗಳ ಸದ್ದು ಕೇಳುತ್ತದೆ. ಮೆಕ್ಕೆಜೋಳದಲ್ಲಿ ಮಕರಂದವಿಲ್ಲ, ಅವು ಬರುವುದು ಪರಾಗಕ್ಕಾಗಿಯೇ. ಆದರೆ ಆ ಪರಾಗದ ಪ್ರೋಟೀನ್ ಶೇ 15ರ ಆಸುಪಾಸಿನದು, ಸೂರ್ಯಕಾಂತಿಯದೂ ಹೆಚ್ಚು ಕಡಿಮೆ ಅಷ್ಟೇ. ಸಾಸಿವೆ ಜಾತಿಯ ಹೂಗಳಲ್ಲಿ ಮತ್ತು ಹಲವು ದ್ವಿದಳ ಸಸ್ಯಗಳಲ್ಲಿ ಅದು ಶೇ 20ನ್ನು ದಾಟುತ್ತದೆ. ಪ್ರೋಟೀನಿನ ಗುಣವೂ ಒಂದೇ ಸಮನಲ್ಲ. ಪ್ರೋಟೀನ್ ಕಟ್ಟುವ ಘಟಕಗಳಾದ ಅಮೈನೋ ಆಮ್ಲಗಳಲ್ಲಿ ಹತ್ತು, ಜೇನುನೊಣ ಬೆಳೆಯಲು ಹೊರಗಿನಿಂದ ಬರಲೇಬೇಕೆಂದು ಡಿ ಗ್ರೂಟ್ ಎಂಬ ವಿಜ್ಞಾನಿ 1953ರಲ್ಲೇ ತೋರಿಸಿದರು. ಎಲ್ಲ ಹೂಗಳೂ ಆ ಹತ್ತನ್ನು ಸಾಕಷ್ಟು ಪ್ರಮಾಣದಲ್ಲಿ ಕೊಡುವುದಿಲ್ಲ. ಹೀಗಾಗಿ ಒಂದೇ ಬೆಳೆಯ ನಡುವೆ ಇಟ್ಟ ಪೆಟ್ಟಿಗೆಯ ನೊಣ, ಕಣ್ಣಳತೆಯಷ್ಟು ದೂರ ಹೂವಿದ್ದರೂ ಸೊರಗಬಹುದು. ನೊಣಕ್ಕೇ ಸಾಲದ್ದನ್ನು ಮನುಷ್ಯನಿಗೆ ಸಂಪೂರ್ಣ ಆಹಾರ ಎನ್ನುವುದು ಹೇಗೆ?

ಇನ್ನು ಅಳೆಯುವ ರೀತಿಯ ಮಾತು. ಪ್ರಯೋಗಾಲಯದಲ್ಲಿ ಪ್ರೋಟೀನನ್ನು ಸಾಮಾನ್ಯವಾಗಿ ನೇರವಾಗಿ ಅಳೆಯುವುದಿಲ್ಲ. ಕೆಲ್ಡಾಲ್ ವಿಧಾನದಲ್ಲಿ ಸಾರಜನಕವನ್ನು ಕಂಡುಹಿಡಿದು ಅದನ್ನು ಒಂದು ಗುಣಕದಿಂದ ಗುಣಿಸುತ್ತಾರೆ. ಆಹಾರ ಪದಾರ್ಥಗಳಿಗೆ ರೂಢಿಯಲ್ಲಿರುವ ಗುಣಕ 6.25, ಪರಾಗಕ್ಕೆ 5.6 ಹೆಚ್ಚು ಸರಿ ಎಂದು ಅನೇಕರು ಬಳಸುತ್ತಾರೆ. ಸಾರಜನಕ ಶೇ 4 ಇರುವ ಒಂದೇ ಮಾದರಿ ಒಬ್ಬರ ಕೈಯಲ್ಲಿ ಶೇ 25 ಪ್ರೋಟೀನ್ ಆದರೆ ಇನ್ನೊಬ್ಬರ ಕೈಯಲ್ಲಿ ಶೇ 22.4 ಆಗುತ್ತದೆ. ಇದರ ಮೇಲೆ ನೀರಿನ ಲೆಕ್ಕ ಬೇರೆ. ಆಗತಾನೆ ಕೂಡಿಸಿದ ಪರಾಗದಲ್ಲಿ ಶೇ 20ರಿಂದ 30ರಷ್ಟು ನೀರಿರುತ್ತದೆ. ಒಣ ತೂಕದ ಮೇಲೆ ಶೇ 20 ಪ್ರೋಟೀನ್ ಇರುವ ಮಾದರಿಯಲ್ಲಿ ಕಾಲು ಭಾಗ ನೀರಿದ್ದರೆ ನಿಜವಾಗಿ ಬಾಯಿಗೆ ಸೇರುವುದು ಶೇ 15 ಮಾತ್ರ. ಪರಾಗವನ್ನು 40 ಡಿಗ್ರಿ ಸೆಲ್ಸಿಯಸ್ ಮೀರದ ಬಿಸಿಯಲ್ಲಿ ಶೇ 6ರಿಂದ 8ರ ತೇವಾಂಶಕ್ಕೆ ಇಳಿಸದಿದ್ದರೆ ಬೂಷ್ಟು ಹಿಡಿಯುತ್ತದೆ. ಬೂಷ್ಟಿನೊಡನೆ ಅಫ್ಲಾಟಾಕ್ಸಿನ್‌ನಂತಹ ವಿಷಗಳೂ ಬರಬಹುದು. ಶೇಂಗಾ ದಾಸ್ತಾನು ಮಾಡುವ ಚಳ್ಳಕೆರೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ತಿಂದದ್ದೆಲ್ಲ ಜೀರ್ಣವಾಗುತ್ತದೆಯೇ ಎಂಬುದು ನನಗೆ ಇವೆಲ್ಲಕ್ಕಿಂತ ಸ್ವಾರಸ್ಯದ ಪ್ರಶ್ನೆ. ಪರಾಗದ ಕಣಕ್ಕೆ ಎರಡು ಗೋಡೆಗಳಿವೆ. ಒಳಗಿನದು ಸೆಲ್ಯುಲೋಸ್ ಮತ್ತು ಪೆಕ್ಟಿನ್‌ನದು. ಹೊರಗಿನದು ಸ್ಪೋರೋಪೊಲೆನಿನ್ ಎಂಬ ವಸ್ತುವಿನದು. ಜೀವಲೋಕದಲ್ಲಿ ಇಷ್ಟು ಗಟ್ಟಿಮುಟ್ಟಾದ ಸಾವಯವ ವಸ್ತುಗಳು ಬಹಳ ಕಡಿಮೆ. ಆಮ್ಲಕ್ಕೂ ಕ್ಷಾರಕ್ಕೂ ಸುಲಭವಾಗಿ ಬಗ್ಗದ ಕಾರಣದಿಂದಲೇ ಕೋಟ್ಯಂತರ ವರ್ಷಗಳ ಹಿಂದಿನ ಪರಾಗ ಕಲ್ಲಿನ ಪದರಗಳಲ್ಲಿ ಆಕಾರ ಕೆಡದೆ ಸಿಗುತ್ತದೆ. ಚಿತ್ರದುರ್ಗದ ಪಕ್ಕದಲ್ಲಿರುವ ನಾವು ಇದನ್ನು ಏಳು ಸುತ್ತಿನ ಕೋಟೆ ಎನ್ನಬಹುದು, ಮತ್ತು ಓಬವ್ವನ ಕಿಂಡಿ ಇಲ್ಲಿಯೂ ಇದೆ: ಮೊಳಕೆ ಹೊರಬರಲೆಂದು ಗೋಡೆಯಲ್ಲಿ ಬಿಟ್ಟ ಸಣ್ಣ ರಂಧ್ರಗಳು. ಮೆಕ್ಕೆಜೋಳದ ದುಂಡು ಕಣದಲ್ಲಿ ಅಂತಹ ರಂಧ್ರ ಒಂದೇ ಒಂದು. ಜೀರ್ಣರಸ ಒಳಗೆ ಹೋಗಬೇಕಾದರೂ ಪೋಷಕಾಂಶ ಹೊರಗೆ ಬರಬೇಕಾದರೂ ಮುಖ್ಯವಾಗಿ ಅದೇ ದಾರಿ. ಮನುಷ್ಯನ ಹೊಟ್ಟೆಯಲ್ಲಿ ಬಹಳಷ್ಟು ಕಣಗಳು ಕೋಟೆ ಮುರಿಯದೆ ಹಾಗೆಯೇ ಸಾಗಿಹೋಗುತ್ತವೆ. ನೀರಿನಲ್ಲಿ ನೆನೆಸಿದರೆ ಅಥವಾ ಅರೆದರೆ ಒಂದಿಷ್ಟು ಹೆಚ್ಚು ಕಣಗಳು ಒಡೆಯುತ್ತವೆ. ನೊಣವೂ ತಾನು ತಂದದ್ದನ್ನು ಎರಿಯ ಕೋಣೆಯಲ್ಲಿ ಒತ್ತಿ, ಮೇಲೆ ಜೇನು ಸವರಿ ಇಟ್ಟು, ನಮ್ಮ ದೋಸೆ ಹಿಟ್ಟಿನಲ್ಲಿ ಆಗುವಂತೆ ಲ್ಯಾಕ್ಟಿಕ್ ಆಮ್ಲದ ಹುಳಿ ಬರಿಸುತ್ತದೆ.

ಪರಾಗದಲ್ಲಿ ಸತ್ವವೇ ಇಲ್ಲವೆಂದು ನಾನು ಹೇಳುತ್ತಿಲ್ಲ. ಬಿ ಗುಂಪಿನ ಹಲವು ವಿಟಮಿನ್‌ಗಳು, ಕ್ಯಾರೊಟೀನ್, ಪೊಟ್ಯಾಶಿಯಂ, ರಂಜಕ, ಮೆಗ್ನೀಸಿಯಂ, ಸ್ವಲ್ಪ ಕಬ್ಬಿಣ ಮತ್ತು ಸತು ಅದರಲ್ಲಿ ಇವೆ. ಉತ್ಕರ್ಷಣವನ್ನು ತಡೆಯುವ ಗುಣವುಳ್ಳ ಸಸ್ಯಜನ್ಯ ವಸ್ತುಗಳಾದ ಕ್ವೆರ್ಸಿಟಿನ್, ಕೆಂಫೆರಾಲ್ ಮುಂತಾದ ಫ್ಲೇವನಾಯ್ಡ್‌ಗಳೂ ಇವೆ. ಆದರೆ ಗಾಜಿನ ನಳಿಕೆಯಲ್ಲಿ ಅವು ತೋರುವ ಗುಣವನ್ನು ದೇಹದೊಳಗೂ ತೋರುತ್ತವೆ ಎಂದು ಆ ಪುರವಣಿಯ ಲೇಖನದಂತೆ ಒಂದೇ ಉಸಿರಿನಲ್ಲಿ ಹೇಳಿಬಿಡಲಾಗದು. ಪ್ರಮಾಣದ ಮಾತೂ ಇದೆ. ತುಂಬಿದ ಒಂದು ಚಮಚ ಪರಾಗ 10 ಗ್ರಾಂ ತೂಗುತ್ತದೆ ಎಂದುಕೊಂಡರೂ ಶೇ 20ರ ಲೆಕ್ಕದಲ್ಲಿ ಸಿಗುವ ಪ್ರೋಟೀನ್ 2 ಗ್ರಾಂ. ಒಂದು ಹಿಡಿ, ಅಂದರೆ ಸುಮಾರು 30 ಗ್ರಾಂ ಶೇಂಗಾದಲ್ಲಿ 7 ಗ್ರಾಂ ದೊರೆಯುತ್ತದೆ. ಕಾಲು ಕೆಜಿ ಪರಾಗಕ್ಕೆ ನಾವು ಕೊಟ್ಟ ಹಣದಲ್ಲಿ ಹಲವು ಕೆಜಿ ಶೇಂಗಾ ಬರುತ್ತಿತ್ತು ಎಂದು ಮನೆಯಲ್ಲಿ ಹೇಳಿದ್ದಕ್ಕೆ ಸಿಕ್ಕ ಉತ್ತರವನ್ನು ಇಲ್ಲಿ ಬರೆಯುವುದಿಲ್ಲ.

ಹೂವಿನ ಹೆಸರು ಸುರಕ್ಷತೆಗೂ ಬೇಕು. ನಮ್ಮ ರಸ್ತೆ ಬದಿಯ ಕಾಂಗ್ರೆಸ್ ಗಿಡದ ಪರಾಗದಿಂದ ಸೀನು, ಮೂಗು ಸೋರುವಿಕೆ ಅನುಭವಿಸುವವರು ಈ ಊರಿನಲ್ಲಿ ಎಷ್ಟೋ ಮಂದಿ ಇದ್ದಾರೆ, ಮತ್ತು ಜೇನುನೊಣ ಆ ಹೂವಿಗೂ ಹೋಗುತ್ತದೆ. ಪರಾಗ ತಿಂದ ಕೆಲವರಿಗೆ ಉಸಿರು ಕಟ್ಟುವಂತಹ ತೀವ್ರ ಅಲರ್ಜಿ ಆದ ಪ್ರಕರಣಗಳು ವೈದ್ಯಕೀಯ ಬರಹಗಳಲ್ಲಿ ದಾಖಲಾಗಿವೆ. ಹಸಿರೆಲೆ ಗೊಬ್ಬರಕ್ಕೆ ಬಿತ್ತುವ ಅಪ್ಸೆಣಬಿನ ಜಾತಿಯ ಗಿಡಗಳಲ್ಲಿ ಪಿತ್ತಜನಕಾಂಗಕ್ಕೆ ಹಾನಿ ಮಾಡುವ ಪೈರೊಲಿಜಿಡಿನ್ ಆಲ್ಕಲಾಯ್ಡ್‌ಗಳಿವೆ. ಪರಾಗದಲ್ಲಿ ಇವು ಕೆಜಿಗೆ 500 ಮೈಕ್ರೊಗ್ರಾಂ ಮೀರಬಾರದೆಂದು ಐರೋಪ್ಯ ಒಕ್ಕೂಟ ಮಿತಿ ಹಾಕಿದೆ. ಇನ್ನು ಮೆಕ್ಕೆಜೋಳದ ವಿಚಾರಕ್ಕೆ ಬಂದರೆ, 2018ರಲ್ಲಿ ಫಾಲ್ ಸೈನಿಕ ಹುಳು ಕರ್ನಾಟಕಕ್ಕೆ ಕಾಲಿಟ್ಟ ಮೇಲೆ ಈ ಬೆಳೆಗೆ ಹೊಡೆಯುವ ಔಷಧಿ ಹೆಚ್ಚಿದ್ದನ್ನು ರೈತರೇ ಹೇಳುತ್ತಾರೆ. ಸಿಂಪಡಿಸಿದ ಹೊಲದಿಂದ ಬಂದ ಪರಾಗದಲ್ಲಿ ಅದರ ಶೇಷ ಉಳಿದಿದೆಯೇ ಎಂದು ಪರೀಕ್ಷಿಸದೆ ಮಕ್ಕಳ ಹಾಲಿಗೆ ಬೆರೆಸುವುದು ನನಗೆ ಸರಿ ಕಾಣುವುದಿಲ್ಲ.

ಜೇನು ಸಾಕುವ ಸಣ್ಣ ರೈತರ ಮೇಲೆ ನನಗೆ ದೂರಿಲ್ಲ. ಹೂವು ಮತ್ತು ತಿಂಗಳನ್ನು ಬರೆದು ಮಾರಿದರೆ ಅವರಿಗೇ ಒಳ್ಳೆಯ ಬೆಲೆ ಸಿಗಬಹುದು. ಬ್ರೆಜಿಲ್, ಪೋಲೆಂಡ್, ಬಲ್ಗೇರಿಯ, ಸ್ವಿಟ್ಜರ್ಲೆಂಡ್ ದೇಶಗಳು ಪರಾಗಕ್ಕೆ ಪ್ರತ್ಯೇಕ ಗುಣಮಟ್ಟ ನಿಗದಿಪಡಿಸಿವೆ. ಇಲ್ಲಿ ಅಷ್ಟು ದೂರ ಹೋಗುವ ಮೊದಲು, ದಾವಣಗೆರೆಯ ತರಳಬಾಳು ಕೃಷಿ ವಿಜ್ಞಾನ ಕೇಂದ್ರ, ಹಿರಿಯೂರಿನ ಬಬ್ಬೂರು ಫಾರ್ಮ್‌ನ ಕೇಂದ್ರ ಮತ್ತು ಅಲ್ಲಿನ ತೋಟಗಾರಿಕೆ ಕಾಲೇಜು ಸೇರಿ ನಮ್ಮ ಎರಡು ಜಿಲ್ಲೆಗಳ ಪರಾಗ ಪಂಚಾಂಗವೊಂದನ್ನು, ಅಂದರೆ ಯಾವ ತಿಂಗಳಲ್ಲಿ ಯಾವ ಹೂವು, ಅದರ ಕಣದ ಚಿತ್ರ ಹೇಗೆ, ಪ್ರೋಟೀನ್ ಎಷ್ಟು ಎಂಬುದನ್ನು ಸಿದ್ಧಪಡಿಸಿಕೊಟ್ಟರೆ ಉಪಕಾರವಾದೀತು. ಹೊಂಗೆ, ಬೇವು, ಹುಣಸೆ, ತೆಂಗು, ಅಡಿಕೆ, ಹುಚ್ಚೆಳ್ಳು, ಮೆಕ್ಕೆಜೋಳ, ಸೂರ್ಯಕಾಂತಿ ಇಷ್ಟನ್ನು ಮೊದಲು ತೆಗೆದುಕೊಂಡರೂ ಸಾಕು. ಇದಕ್ಕೆ ದುಬಾರಿ ಯಂತ್ರ ಬೇಡ. ಹೂವನ್ನು ಗುರುತಿಸಲು ಕಾಲೇಜಿನ ಸೂಕ್ಷ್ಮದರ್ಶಕ, ಸಾರಜನಕ ಅಳೆಯಲು ಕೆಲ್ಡಾಲ್ ಉಪಕರಣ ಇದ್ದರಾಯಿತು.

ನಮ್ಮ ಬಾಟಲಿಯಿಂದ ಬೇರ್ಪಡಿಸಿದ ನಾಲ್ಕು ಬಣ್ಣದ ಉಂಡೆಗಳನ್ನು ನಾಲ್ಕು ಶೀಷೆಗಳಲ್ಲಿ ತುಂಬಿಟ್ಟಿದ್ದೇನೆ. ಹಳೆಯ ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಕಿತ್ತಳೆ ಹಳದಿಯ ಕಣಗಳಿಗೆ ಸೂರ್ಯಕಾಂತಿಯ ಜಾತಿಗೆ ಸಹಜವಾದ ಮುಳ್ಳುಗಳು ಕಂಡವು, ಮಾಸಲು ಹಳದಿಯವು ಮೆಕ್ಕೆಜೋಳದಂತೆ ದೊಡ್ಡದಾಗಿ ನುಣುಪಾಗಿದ್ದವು. ಉಳಿದೆರಡನ್ನು ಗುರುತಿಸಿಕೊಡುವ ಸಸ್ಯಶಾಸ್ತ್ರಜ್ಞರು ಯಾರಾದರೂ ತಮ್ಮ ಓದುಗರಲ್ಲಿದ್ದರೆ ಪತ್ರಿಕೆಯ ಮೂಲಕ ತಿಳಿಸಲಿ. ಶೀಷೆಗಳನ್ನು ನಾನೇ ತಂದುಕೊಡುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ರಸಾಯನಶಾಸ್ತ್ರ ಉಪನ್ಯಾಸಕ,
ದಾವಣಗೆರೆ